ಬರದ ಮಕ್ಕಳಿಗೆ ಕೇಡಗಾಂವ್‌ನಲ್ಲಿ ಆಸರೆ: ಕಾರ್ಕಳ ಮೂಲದ ಪಂಡಿತಾ ರಮಾಬಾಯಿ

ಪುಣೆ: ಪುಣೆಯಿಂದ ಸುಮಾರು 55 ಕಿ.ಮೀ. ದೂರದ ಕೇಡಗಾಂವ್‌ನ ಮುಕ್ತಿ ಸದನದ ಹೆಸರು ಕೇಳದ ಪುಣೆ ಕನ್ನಡಿಗರು ವಿರಳ. ಆದರೆ ಅದನ್ನು ಕಟ್ಟಿದ ಪಂಡಿತಾ ರಮಾಬಾಯಿ ಅವರ ಮೂಲ ಕಾರ್ಕಳ ಸಮೀಪದ ಮಾಳ ಎಂಬುದು ಅನೇಕರಿಗೆ ತಿಳಿದಿಲ್ಲ.

ಅನಂತಶಾಸ್ತ್ರಿ ಡೋಂಗ್ರೆ ಮತ್ತು ಲಕ್ಷ್ಮೀಬಾಯಿ ದಂಪತಿಯ ಪುತ್ರಿಯಾಗಿ ರಮಾಬಾಯಿ 1858ರ ಎಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ಸಂಸ್ಕೃತ ಕಲಿಸಬಾರದೆಂಬ ಸಂಪ್ರದಾಯವನ್ನು ತಂದೆ ಲೆಕ್ಕಿಸಲಿಲ್ಲ. ಪುರಾಣ ಹೇಳುತ್ತಾ ಊರೂರು ಅಲೆಯುತ್ತಿದ್ದ ಈ ಕುಟುಂಬ 1870ರ ದಶಕದ ಬರಕ್ಕೆ ಸಿಲುಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣ-ತಂಗಿ ಹಸಿವಿನಲ್ಲೇ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಅವರನ್ನು ಪಂಡಿತಾ, ಸರಸ್ವತಿ ಬಿರುದುಗಳಿಂದ ಗೌರವಿಸಿದರು.

ಬಂಗಾಳದ ವಕೀಲರನ್ನು ವಿವಾಹವಾದ ಅವರು 1882ರಲ್ಲಿ ವಿಧವೆಯಾಗಿ, ಪುಟ್ಟ ಮಗಳು ಮನೋರಮಾಳೊಂದಿಗೆ ಪುಣೆಗೆ ಬಂದರು. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿದರು. ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅಲ್ಲಿ ಮತಾಂತರದ ಆಕ್ಷೇಪ ಎದ್ದು, ಬೆಂಬಲಕ್ಕಿದ್ದ ಸುಧಾರಕರೂ 1893ರಲ್ಲಿ ದೂರ ಸರಿದರು.

ಅವರ ನಿಜವಾದ ಪರೀಕ್ಷೆ ನಡೆದದ್ದು 1896-97ರಲ್ಲಿ. ಮಧ್ಯಪ್ರಾಂತದ ಭೀಕರ ಬರದಲ್ಲಿ ಅನ್ನವಿಲ್ಲದೆ ಊರು ಬಿಟ್ಟ ಹೆಣ್ಣುಮಕ್ಕಳು ದಲ್ಲಾಳಿಗಳ ಕೈಸೇರುತ್ತಿದ್ದುದನ್ನು ಕಂಡ ರಮಾಬಾಯಿ ಅವರನ್ನು ಪುಣೆಗೆ ಕರೆತಂದರು. ಅದೇ ಹೊತ್ತಿಗೆ ನಗರಕ್ಕೆ ಪ್ಲೇಗ್ ಬಂದಿತ್ತು. ರೋಗ ಹರಡದಂತೆ ತಡೆಯಲು ಬಂದ ನಿರ್ಬಂಧಗಳಿಂದಾಗಿ ಸದನದಲ್ಲಿ ಹೊಸಬರನ್ನು ಇರಿಸಿಕೊಳ್ಳುವಂತಿರಲಿಲ್ಲ. ಕಾನೂನಿಗೂ ಕಾರಣವಿತ್ತು. ಆದರೆ ಆ ಮಕ್ಕಳನ್ನು ಮರಳಿ ಕಳುಹಿಸುವುದೆಂದರೆ ಹಸಿವಿನ ಬಾಯಿಗೆ ಒಪ್ಪಿಸಿದಂತೆಯೇ ಆಗುತ್ತಿತ್ತು.

ರಮಾಬಾಯಿ ನಗರದ ನಿಯಮಕ್ಕೆ ತಲೆಬಾಗಿದರು, ಮಕ್ಕಳ ಕೈ ಮಾತ್ರ ಬಿಡಲಿಲ್ಲ. ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ 100 ಎಕರೆ ಜಮೀನಿಗೆ ಅವರನ್ನು ಕರೆದೊಯ್ದು ತಾತ್ಕಾಲಿಕ ವಸತಿಯಲ್ಲಿ ಇರಿಸಿದರು. ಹೀಗೆ ಸುಮಾರು 300 ಮಂದಿಗೆ ಆಸರೆ ದೊರೆಯಿತು. ಆದರೆ ನಿಯಮ ಪಾಲಿಸಿದ ಮಾತ್ರಕ್ಕೆ ಅವರು ಸುಮ್ಮನಿರಲಿಲ್ಲ. ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಮಹಿಳೆಯರಿಗೆ ರಕ್ಷಣೆಯಿಲ್ಲವೆಂದು 1897ರಲ್ಲಿ ಪತ್ರಿಕೆಗೆ ಬರೆದರು. ಸರಕಾರ ಅದನ್ನು ಅಲ್ಲಗಳೆದರೂ ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ತಲುಪಿತು.

1900ರ ಗುಜರಾತ್ ಬರದ ಬಳಿಕ ಮುಕ್ತಿಯ ನಿವಾಸಿಗಳ ಸಂಖ್ಯೆ 2000ದ ಸಮೀಪ ಬಂತು. ಅಲ್ಲಿ ಓದಿನ ಜತೆಗೆ ನೇಯ್ಗೆ, ಕೃಷಿ, ಮುದ್ರಣವನ್ನೂ ಕಲಿಸಲಾಗುತ್ತಿತ್ತು. 1912ರಲ್ಲಿ ಗುಲ್ಬರ್ಗದಲ್ಲೂ ಶಾಲೆ ಆರಂಭವಾಯಿತು. 1919ರಲ್ಲಿ ಅದೇ ಬ್ರಿಟಿಷ್ ಸರಕಾರ ರಮಾಬಾಯಿ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿತು. 1922ರ ಎಪ್ರಿಲ್ 5ರಂದು ಅವರು ನಿಧನರಾದರು. ಬರದಲ್ಲಿ ಮನೆಮಂದಿಯನ್ನು ಕಳೆದುಕೊಂಡು ಬೀದಿಪಾಲಾಗಿದ್ದ ಕರಾವಳಿ ಮೂಲದ ಹೆಣ್ಣುಮಗಳೊಬ್ಬಳು ಪರವೂರಿನಲ್ಲಿ ಕಟ್ಟಿದ ಆ ಮನೆ, ನಿರ್ಗತಿಕ ಮಹಿಳೆಯರು ಮತ್ತು ಮಕ್ಕಳಿಗೆ ಶತಮಾನದ ಬಳಿಕವೂ ನೆರಳಾಗಿ ಉಳಿದಿದೆ.