ಬೂಟುಮಸಿಯ ಕಾರ್ಖಾನೆಯೂ ಒಂದು ಕ್ರಿಸ್‌ಮಸ್ ಕಥೆಯೂ

ಜಿಪುಣತನಕ್ಕೆ ಮತ್ತೊಂದು ಹೆಸರೇ ಆಗಿಹೋಗಿರುವ ಸ್ಕ್ರೂಜನನ್ನೂ ಊರುಗೋಲಿನ ಪುಟ್ಟ ಟಿಮ್‌ನನ್ನೂ ಅರಿಯದ ಸಾಹಿತ್ಯಾಸಕ್ತರು ವಿರಳ. ಚಾರ್ಲ್ಸ್ ಡಿಕನ್ಸ್‌ರ 'ಎ ಕ್ರಿಸ್‌ಮಸ್ ಕ್ಯಾರಲ್' ಪ್ರಕಟವಾದದ್ದು 1843ರ ಡಿಸೆಂಬರ್ 19ರಂದು. ಅಂದಿನಿಂದ ಇಂದಿನವರೆಗೆ ಕ್ರಿಸ್ತ ಜಯಂತಿಯ ಕಾಲದಲ್ಲಿ ಅದನ್ನು ಓದದ, ರಂಗದ ಮೇಲೆ ಆಡದ ವರುಷವಿಲ್ಲ. ಆದರೆ ಈ ಹಬ್ಬದ ಕಥೆಯ ಬೇರು ಸಾಲಗಾರರ ಸೆರೆಮನೆಯೊಂದರವರೆಗೆ ಇಳಿದಿದೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಡಿಕನ್ಸ್ ಜನಿಸಿದ್ದು 1812ರ ಫೆಬ್ರವರಿ 7ರಂದು, ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ. ತಂದೆ ಜಾನ್ ನೌಕಾಪಡೆಯ ವೇತನ ಕಚೇರಿಯಲ್ಲಿ ಗುಮಾಸ್ತರು. ಮಾತಿನಲ್ಲಿ ಉದಾರಿ, ಲೆಕ್ಕದಲ್ಲಿ ದುರ್ಬಲರು. ಸಂಸಾರ ಲಂಡನ್ನಿಗೆ ಬಂದು ಕ್ಯಾಮ್‌ಡನ್ ಟೌನ್ ಎಂಬಲ್ಲಿ ಇಕ್ಕಟ್ಟಾದ ಮನೆಯೊಂದರಲ್ಲಿ ನೆಲೆಸಿದಾಗ ಸಾಲ ಮಿತಿಮೀರಿತ್ತು. 1824ರ ಫೆಬ್ರವರಿಯಲ್ಲಿ ರೊಟ್ಟಿಯಂಗಡಿಯವನಿಗೆ ಕೊಡಬೇಕಾಗಿದ್ದ 40 ಪೌಂಡುಗಳ ಬಾಕಿಗಾಗಿ ಜಾನ್ ಮಾರ್ಷಲ್‌ಸೀ ಸೆರೆಮನೆ ಸೇರಿದರು. ಸ್ವಲ್ಪ ಕಾಲದಲ್ಲೇ ತಾಯಿಯೂ ಕಿರಿಯ ಮಕ್ಕಳೂ ಅಲ್ಲಿಯೇ ವಾಸಕ್ಕೆ ಹೋದರು. ಆ ಕಾಲದ ಕಾನೂನು ಸಾಲಗಾರನ ಹೆಂಡತಿ ಮಕ್ಕಳನ್ನೂ ಸೆರೆಮನೆಯೊಳಗೆ ಬಿಟ್ಟುಕೊಳ್ಳುತ್ತಿತ್ತು.

ಹನ್ನೆರಡು ತುಂಬಿ ಕೆಲವೇ ದಿನಗಳಾಗಿದ್ದ ಚಾರ್ಲ್ಸ್‌ಗೆ ಮಾತ್ರ ಬೇರೆ ದಾರಿ ಗೊತ್ತಾಗಿತ್ತು. ಥೇಮ್ಸ್ ನದಿಯ ದಡದಲ್ಲಿ, ಇಲಿಗಳು ಓಡಾಡುವ ಶಿಥಿಲ ಕಟ್ಟಡವೊಂದರಲ್ಲಿ ವಾರನ್ ಎಂಬವರ ಹೆಸರಿನ ಬೂಟುಮಸಿಯ ಕಾರ್ಖಾನೆಯಿತ್ತು. ಮಸಿಯ ಕುಡಿಕೆಗಳ ಬಾಯಿಗೆ ಕಾಗದ ಕಟ್ಟುವುದು, ದಾರ ಬಿಗಿಯುವುದು, ಚೀಟಿ ಅಂಟಿಸುವುದು ಇವನ ಕೆಲಸ. ವಾರಕ್ಕೆ 6 ಷಿಲಿಂಗ್ ಕೂಲಿ. ಆ ಕೂಲಿಯನ್ನೇ ದಿನವಾರು ಪೊಟ್ಟಣ ಕಟ್ಟಿಟ್ಟುಕೊಂಡು ಹೊಟ್ಟೆ ಹೊರೆಯಬೇಕು. ಅದೇ ದಿನಗಳಲ್ಲಿ ಅಕ್ಕ ಫ್ಯಾನಿ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿಯುತ್ತಿದ್ದಳು. ಅವಳಿಗೆ ಬಹುಮಾನ ದೊರೆತ ದಿನ ಸಭೆಯಲ್ಲಿ ಕುಳಿತಿದ್ದ ತಮ್ಮ ಕಣ್ಣೀರಿಟ್ಟನು. ಅಸೂಯೆಯಿಂದಲ್ಲ, ತನ್ನನ್ನು ಎಲ್ಲರೂ ಮರೆತುಬಿಟ್ಟರಲ್ಲಾ ಎಂಬ ದುಃಖದಿಂದ.

ಕೆಲವು ತಿಂಗಳಲ್ಲಿ ತಂದೆ ಬಿಡುಗಡೆ ಹೊಂದಿದರು. ಮಗನನ್ನು ಕಾರ್ಖಾನೆಯಿಂದ ಬಿಡಿಸಿ ಶಾಲೆಗೆ ಕಳುಹಿಸಿದ್ದು ತಂದೆಯೇ. ಕೆಲಸ ಮುಂದುವರಿಯಲಿ ಎಂದು ಬಯಸಿದವರು ತಾಯಿ. ಅದನ್ನು ಡಿಕನ್ಸ್ ಎಂದೂ ಮರೆಯಲಿಲ್ಲ, ಕ್ಷಮಿಸಲೂ ಇಲ್ಲ. ಕ್ಷಮೆಯ ಕಥೆಯನ್ನು ಲೋಕಕ್ಕೆ ಕೊಟ್ಟವರೇ ಅದನ್ನು ತಾಯಿಗೆ ಕೊಡಲಾರದೆ ಹೋದರೆಂಬುದನ್ನು ಮರೆಮಾಚಿ ಅವರನ್ನು ಸಂತನನ್ನಾಗಿಸುವ ಅಗತ್ಯ ನಮಗಿಲ್ಲ.

ಇನ್ನು 1843ಕ್ಕೆ ಬರೋಣ. ಮೂವತ್ತೊಂದರ ಡಿಕನ್ಸ್ ಆಗ ಖ್ಯಾತ ಕಾದಂಬರಿಕಾರರು. ಆದರೂ ಹೊಸ ಕಾದಂಬರಿಯ ಮಾರಾಟ ಕುಸಿದಿತ್ತು, ಪತ್ನಿ ಐದನೆಯ ಮಗುವಿನ ನಿರೀಕ್ಷೆಯಲ್ಲಿದ್ದರು. ಗಣಿಗಳಲ್ಲೂ ಕಾರ್ಖಾನೆಗಳಲ್ಲೂ ಎಳೆಯ ಮಕ್ಕಳು ದುಡಿಯುವ ಬಗೆಯನ್ನು ಬಯಲಿಗೆಳೆದ ಸರ್ಕಾರಿ ಆಯೋಗದ ವರದಿ ಆ ವರ್ಷ ಅವರ ಕೈಸೇರಿತು. ಬಡ ಮಕ್ಕಳ ಪರವಾಗಿ ಕರಪತ್ರವೊಂದನ್ನು ಬರೆಯಲು ಹೊರಟರು, ಮತ್ತೆ ತಡೆದರು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ, ಹರಕುಬಟ್ಟೆಯ ಮಕ್ಕಳಿಗೆ ಉಚಿತವಾಗಿ ಕಲಿಸುವ ಶಾಲೆಯನ್ನು ಕಂಡು ತಲ್ಲಣಿಸಿದರು. ಅಕ್ಟೋಬರ್ 5ರಂದು ಮ್ಯಾಂಚೆಸ್ಟರಿನಲ್ಲಿ ಶ್ರಮಿಕರ ಶಿಕ್ಷಣವನ್ನು ಕುರಿತು ಭಾಷಣ ಮಾಡಿ ಮರಳುವಷ್ಟರಲ್ಲಿ ಕರಪತ್ರದ ವಿಷಯ ಕಥೆಯ ರೂಪ ತಾಳಿತ್ತು. ಅಂಕಿಅಂಶಗಳಿಗೆ ಮಿಡಿಯದ ಹೃದಯ ಕಥೆಗೆ ಮಿಡಿದೀತೆಂಬುದು ಅವರ ಎಣಿಕೆ. ಸುಮಾರು ಆರು ವಾರಗಳಲ್ಲಿ ಬರೆದು ಮುಗಿಸಿದರು. ಎಲ್ಲರೂ ಮಲಗಿದ ಮೇಲೆ ಲಂಡನ್ನಿನ ಬೀದಿಗಳಲ್ಲಿ ಹದಿನೈದು ಇಪ್ಪತ್ತು ಮೈಲಿ ನಡೆಯುತ್ತ, ಅಳುತ್ತ, ನಗುತ್ತ ಅದನ್ನು ಕಟ್ಟಿದರು.

ಕಥೆಯನ್ನು ಈಗ ಮತ್ತೊಮ್ಮೆ ನೋಡಿದರೆ ಆ ಬಾಲಕ ಎಲ್ಲೆಡೆಯೂ ಇಣುಕುತ್ತಾನೆ. ವಾರಕ್ಕೆ 15 ಷಿಲಿಂಗ್ ಪಡೆಯುವ ಬಡ ಗುಮಾಸ್ತ ಬಾಬ್ ಕ್ರಾಚಿಟ್‌ನ ಮನೆಯಿರುವುದು ಅದೇ ಕ್ಯಾಮ್‌ಡನ್ ಟೌನಿನಲ್ಲಿ. ಸ್ಕ್ರೂಜನ ತಂಗಿಯ ಹೆಸರು ಫ್ಯಾನ್. ರಜೆಗೆ ಎಲ್ಲರೂ ಮನೆಗೆ ತೆರಳಿದ ಮೇಲೆ ಬರಿದಾದ ಶಾಲೆಯಲ್ಲಿ ಒಬ್ಬನೇ ಪುಸ್ತಕ ಹಿಡಿದು ಕುಳಿತ ಹುಡುಗ ಯಾರೆಂದು ಹೇಳಬೇಕಾಗಿಲ್ಲ. ನಮಗೆ ಕಾಣುವಂತೆ, ಡಿಕನ್ಸ್ ಕ್ರಾಚಿಟ್‌ನಲ್ಲಿ ಇರುವಷ್ಟೇ ಸ್ಕ್ರೂಜನಲ್ಲಿಯೂ ಇದ್ದಾರೆ. ಬಡತನದ ಭಯ ಒಬ್ಬನನ್ನು ಹಣದ ಹಿಂದೆ ಓಡಿಸಿ ಕಲ್ಲಾಗಿಸಬಲ್ಲದು ಎಂಬುದನ್ನು ಅವರು ಒಳಗಿನಿಂದಲೇ ಬಲ್ಲರು.

ಅಕ್ಕ ಫ್ಯಾನಿಗೆ ಅಂಗವಿಕಲನಾದ ಒಬ್ಬ ಮಗನಿದ್ದ. ಪುಟ್ಟ ಟಿಮ್‌ಗೆ ಅವನೇ ಮಾದರಿಯೆಂದು ಅನೇಕರ ಅಭಿಪ್ರಾಯ. ಕಥೆಯ ಟಿಮ್ ಬದುಕಿ ಉಳಿಯುತ್ತಾನೆ. ಫ್ಯಾನಿ ಮಾತ್ರ 1848ರಲ್ಲಿ ಕ್ಷಯರೋಗದಿಂದ ತೀರಿಕೊಂಡರು; ಮರುವರ್ಷವೇ ಆ ಮಗನೂ ತಾಯಿಯನ್ನು ಹಿಂಬಾಲಿಸಿದ.

ಪುಸ್ತಕದ 6,000 ಪ್ರತಿಗಳು ಕ್ರಿಸ್‌ಮಸ್ ಹಿಂದಿನ ದಿನದೊಳಗೆ ಮಾರಾಟವಾದವು. ಬಣ್ಣದ ಚಿತ್ರ, ಚಿನ್ನದ ಅಂಚಿನ ಆ ಹೊತ್ತಗೆಗೆ ಬೆಲೆ ಕೇವಲ 5 ಷಿಲಿಂಗ್ ಇಟ್ಟದ್ದರಿಂದ, ಸಾವಿರ ಪೌಂಡ್ ನಿರೀಕ್ಷಿಸಿದ್ದ ಲೇಖಕರಿಗೆ ಮೊದಲಿಗೆ ದೊರೆತದ್ದು 230 ಪೌಂಡ್. ಕದ್ದು ಮುದ್ರಿಸಿದವರ ಮೇಲೆ ಹೂಡಿದ ದಾವೆಯಲ್ಲಿ ಗೆದ್ದರೂ ಅವರು ದಿವಾಳಿಯೆದ್ದುದರಿಂದ ಖರ್ಚೆಲ್ಲ ಇವರ ತಲೆಗೇ ಬಂತು.

1853ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಈ ಕಥೆಯನ್ನು ಸಾರ್ವಜನಿಕವಾಗಿ ಓದಿದ ಡಿಕನ್ಸ್, ಮುಂದೆ ಊರೂರುಗಳಲ್ಲಿ ಓದಿದರು. 1870ರ ಮಾರ್ಚ್ 15ರಂದು ಲಂಡನ್ನಿನಲ್ಲಿ ನಡೆದ ಕೊನೆಯ ವಾಚನದಲ್ಲೂ ಓದಿದ್ದು ಇದನ್ನೇ. ಅದೇ ಜೂನ್ 9ರಂದು ಅವರು ನಿಧನರಾದರು. ಬೂಟುಮಸಿಯ ಕಾರ್ಖಾನೆಯ ಸಂಗತಿಯನ್ನು ಅವರು ಆಪ್ತಮಿತ್ರ ಜಾನ್ ಫಾರ್ಸ್ಟರ್‌ರಲ್ಲಿ ತೋಡಿಕೊಂಡಿದ್ದರೇ ಹೊರತು ಲೋಕದ ಮುಂದೆ ಬಾಯಿಬಿಟ್ಟಿರಲಿಲ್ಲ. ಫಾರ್ಸ್ಟರ್ ಬರೆದ ಜೀವನಚರಿತ್ರೆ ಹೊರಬಂದ ಮೇಲಷ್ಟೇ, ಆ ಸಭಾಂಗಣಗಳಲ್ಲಿ ಕುಳಿತು ಕಣ್ಣೊರೆಸಿಕೊಂಡಿದ್ದ ಸಾವಿರಾರು ಜನರಿಗೆ ತಮ್ಮೆದುರು ನಿಂತು ಓದಿದಾತ ಒಂದು ಕಾಲದಲ್ಲಿ ಬೀದಿಯ ಜನರಿಗೆ ಕಾಣುವಂತೆ ಕಿಟಕಿಯ ಬಳಿ ಕುಳಿತು ಮಸಿಯ ಕುಡಿಕೆಗಳಿಗೆ ಕಾಗದ ಕಟ್ಟುತ್ತಿದ್ದ ಹುಡುಗನೆಂದು ತಿಳಿದುಬಂದಿತು.