ಮೈಕೇಲ್ ಫ್ಯಾರಡೆಯ ಜೀವನ

ಕೈಕೆಲಸವನ್ನು ಕೀಳೆಂದೆಣಿಸಿ ಪುಸ್ತಕವಿದ್ಯೆಯೊಂದನ್ನೇ ಮೇಲೆಂದು ಭಾವಿಸುವ ಸಮಾಜವು ವಿಜ್ಞಾನದಲ್ಲಿ ಬಹುದೂರ ಸಾಗಲಾರದು. ಈ ಮಾತಿಗೆ ನಿದರ್ಶನವನ್ನು ಬಯಸುವವರು ಮೈಕೇಲ್ ಫ್ಯಾರಡೆಯ ಜೀವನವನ್ನು ಅವಲೋಕಿಸಬೇಕು. ಎಷ್ಟೋ ಶಾಲೆಗಳಲ್ಲಿ ಬಾಲಕರು ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿದ್ಯುತ್ಪ್ರೇರಣೆಯ ನಿಯಮವು ಕಾಲೇಜಿನ ಮೆಟ್ಟಿಲನ್ನೇ ಹತ್ತದ ಕಮ್ಮಾರನ ಮಗನೊಬ್ಬನ ಕೈಯಿಂದ ಲೋಕಕ್ಕೆ ದೊರೆಯಿತು.

ಫ್ಯಾರಡೆಯು ೧೭೯೧ನೆಯ ಸೆಪ್ಟೆಂಬರ್ ೨೨ರಂದು ಲಂಡನ್ನಿನ ಮಗ್ಗುಲಿನ ನ್ಯೂಯಿಂಗ್‌ಟನ್ನಿನಲ್ಲಿ ಜನಿಸಿದನು. ತಂದೆಯ ದೇಹಸ್ಥಿತಿ ಚೆನ್ನಾಗಿರಲಿಲ್ಲ, ಮನೆಯಲ್ಲಿ ಕಡುಬಡತನ. ಓದುಬರಹ, ಅಲ್ಪಸ್ವಲ್ಪ ಲೆಕ್ಕ, ಇಷ್ಟೇ ಶಾಲೆಯಿಂದ ದೊರೆತ ಭಾಗ್ಯ. ೧೮೦೫ರಲ್ಲಿ ಹದಿನಾಲ್ಕರ ಪ್ರಾಯದ ಬಾಲಕನು ಪುಸ್ತಕಗಳಿಗೆ ರಟ್ಟು ಕಟ್ಟುವ ರೀಬೋ ಎಂಬಾತನಲ್ಲಿ ಏಳು ವರ್ಷಗಳ ಉಮೇದುವಾರಿಗೆ ಸೇರಿದನು. ರಟ್ಟು ಕಟ್ಟಲು ಬಂದ ಗ್ರಂಥಗಳೇ ಆತನಿಗೆ ವಿದ್ಯಾಪೀಠವಾದುವು. ಬ್ರಿಟಾನಿಕ ವಿಶ್ವಕೋಶದಲ್ಲಿ ವಿದ್ಯುತ್ತಿನ ಲೇಖನವನ್ನು ಓದಿ, ಕೈಗೆಟುಕಿದ ಸಾಮಗ್ರಿಗಳಿಂದಲೇ ಚಿಕ್ಕ ಪ್ರಯೋಗಗಳನ್ನು ಮಾಡತೊಡಗಿದನು.

೧೮೧೨ರಲ್ಲಿ ಅಂಗಡಿಯ ಗಿರಾಕಿಯೊಬ್ಬನು ಕೊಟ್ಟ ಚೀಟಿಯಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಸುಯೋಗ ಒದಗಿತು. ಕೇಳಿದುದನ್ನು ಚಿತ್ರಸಹಿತವಾಗಿ ಬರೆದು, ತಾನೇ ರಟ್ಟು ಕಟ್ಟಿ, ಉದ್ಯೋಗದ ಪ್ರಾರ್ಥನೆಯೊಡನೆ ಡೇವಿಗೆ ಕಳುಹಿಸಿದನು. ೧೮೧೩ರ ಮಾರ್ಚಿಯಲ್ಲಿ ಆ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಹಾಯಕನ ಕೆಲಸ ದೊರೆಯಿತು. ಅದೇ ವರ್ಷ ಡೇವಿಯೊಡನೆ ಯೂರೋಪಿನ ಸಂಚಾರಕ್ಕೆ ಹೊರಟಾಗ ಆಳಿನ ಕೆಲಸವನ್ನೂ ಮಾಡಬೇಕಾಯಿತು. ಆ ಅವಮಾನವನ್ನು ನುಂಗಿಕೊಂಡು ಆತನು ಅಲ್ಲಿನ ವಿದ್ವಾಂಸರಿಂದ ಕಲಿಯುವುದನ್ನೆಲ್ಲ ಕಲಿತನು.

ಆ ಕಾಲದವರೆಗೆ ಅಯಸ್ಕಾಂತವೂ ವಿದ್ಯುತ್ತೂ ಬೇರೆಬೇರೆ ಶಕ್ತಿಗಳೆಂದೇ ಬಹುಮಂದಿ ಭಾವಿಸಿದ್ದರು. ೧೮೨೦ರಲ್ಲಿ ಕೋಪನ್‌ಹೇಗನ್ನಿನ ಅರ್‌ಸ್ಟೆಡ್ ಎಂಬ ಪಂಡಿತನು, ವಿದ್ಯುತ್ಪ್ರವಾಹವಿರುವ ತಂತಿಯು ಬಳಿಯಲ್ಲಿಟ್ಟ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವುದೆಂದು ಪ್ರಕಟಿಸಿದನು. ಮರುವರ್ಷವೇ ಫ್ಯಾರಡೆಯು ಪಾದರಸದ ಬಟ್ಟಲಿನಲ್ಲಿ ಅಯಸ್ಕಾಂತವನ್ನು ನಿಲ್ಲಿಸಿ, ಪ್ರವಾಹವಿರುವ ತಂತಿಯು ಅದರ ಸುತ್ತ ತಾನಾಗಿ ಸುತ್ತುವಂತೆ ಮಾಡಿದನು. ಇದೇ ವಿದ್ಯುತ್ ಮೋಟಾರಿನ ಮೂಲ.

ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ ಕಾಂತಶಕ್ತಿಯಿಂದ ವಿದ್ಯುತ್ತೇಕೆ ಹುಟ್ಟಬಾರದು? ಈ ಪ್ರಶ್ನೆಗೆ ಹತ್ತು ವರ್ಷ ಉತ್ತರ ಸಿಕ್ಕಲಿಲ್ಲ. ೧೮೩೧ನೆಯ ಆಗಸ್ಟ್ ೨೯ರಂದು ಫ್ಯಾರಡೆಯು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿ ಸುತ್ತಿ, ಒಂದನ್ನು ಬ್ಯಾಟರಿಗೆ ಜೋಡಿಸಿ, ಇನ್ನೊಂದರ ಬಳಿ ಕಾಂತಸೂಜಿಯನ್ನಿಟ್ಟನು. ಬ್ಯಾಟರಿಯನ್ನು ಜೋಡಿಸಿದ ಕ್ಷಣದಲ್ಲಿಯೂ ಬಿಡಿಸಿದ ಕ್ಷಣದಲ್ಲಿಯೂ ಸೂಜಿಯು ಅದುರಿತು. ನಡುವೆ ಪ್ರವಾಹವು ಒಂದೇ ಸಮನೆ ಹರಿಯುತ್ತಿದ್ದಾಗ ಸುಮ್ಮನಿತ್ತು. ಈ ಕ್ಷಣಿಕ ಅದುರುವಿಕೆಯನ್ನು ಆತನು ಅಲಕ್ಷ್ಯ ಮಾಡಲಿಲ್ಲ. ಅಕ್ಟೋಬರ್ ೧೭ರಂದು ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ದಂಡವನ್ನು ನೂಕಲು ಸೂಜಿಯು ಒಂದು ಕಡೆಗೂ, ಹೊರಕ್ಕೆಳೆಯಲು ಮತ್ತೊಂದು ಕಡೆಗೂ ಸರಿಯಿತು. ದಂಡವು ಒಳಗೆ ನಿಶ್ಚಲವಾಗಿರಲು ಸೂಜಿಯೂ ನಿಶ್ಚಲವಾಯಿತು. ವಿದ್ಯುತ್ತನ್ನು ಹುಟ್ಟಿಸುವುದು ಕಾಂತಬಲದ ಬದಲಾವಣೆಯೆಂಬ ರಹಸ್ಯವು ಹೀಗೆ ಹೊರಬಿದ್ದಿತು. ಅಕ್ಟೋಬರ್ ೨೮ರಂದು ಅಯಸ್ಕಾಂತದ ಧ್ರುವಗಳ ನಡುವೆ ತಾಮ್ರದ ತಟ್ಟೆಯನ್ನು ತಿರುಗಿಸಿ ನಿರಂತರ ಪ್ರವಾಹವನ್ನೇ ಪಡೆದನು.

ಉನ್ನತ ಗಣಿತವನ್ನು ಆತನು ಅರಿತಿರಲಿಲ್ಲ. ಕಬ್ಬಿಣದ ಅರಪುಡಿಯು ಅಯಸ್ಕಾಂತದ ಸುತ್ತ ತಳೆಯುವ ಗೆರೆಗಳನ್ನು ಕಣ್ಣಾರೆ ಕಂಡು, ಬಲರೇಖೆಗಳ ಕಲ್ಪನೆಯನ್ನು ಕಟ್ಟಿದನು. ಮುಂದೆ ಮ್ಯಾಕ್ಸ್‌ವೆಲ್ಲನು ಅದಕ್ಕೆ ಗಣಿತದ ರೂಪ ಕೊಟ್ಟನು. ಹಣ ತರುವ ಸಲಹೆಗಾರಿಕೆಯನ್ನು ಫ್ಯಾರಡೆಯು ಸಂಶೋಧನೆಗಾಗಿ ತೊರೆದನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯನ್ನು ಒಲ್ಲೆನೆಂದನು. ೧೮೬೭ನೆಯ ಆಗಸ್ಟ್ ೨೫ರಂದು ದೇಹವನ್ನು ಬಿಟ್ಟ ಆತನ ಸಮಾಧಿಯು ಹೈಗೇಟ್ ಸ್ಮಶಾನದಲ್ಲಿದೆ.

ಆ ತಾಮ್ರದ ತಟ್ಟೆಯ ಸಂತತಿಯು ನಮ್ಮ ನಾಡಿಗೂ ಬಂದಿತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ, ಸುಮಾರು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಫಲವು ನಮಗೆ ದೊರೆಯಿತು. ಅದನ್ನು ಬೆಳೆದ ರೀತಿಯನ್ನು ನಾವು ಕಲಿತೆವೇ ಎಂಬುದೇ ಪ್ರಶ್ನೆ. ಒಂದು ಅಯಸ್ಕಾಂತ, ಕೆಲವು ಗಜ ತಾಮ್ರದ ತಂತಿ, ಪ್ರವಾಹವನ್ನು ತೋರಿಸುವ ಒಂದು ಮಾಪಕ: ಇವುಗಳ ವೆಚ್ಚವನ್ನು ಯಾವ ಶಾಲೆಯೂ ಭರಿಸಬಲ್ಲುದು. ದಂಡವನ್ನು ತನ್ನ ಕೈಯಿಂದಲೇ ನೂಕಿ, ಮುಳ್ಳು ಸರಿಯುವುದನ್ನು ತನ್ನ ಕಣ್ಣಿಂದಲೇ ಕಾಣುವ ಅವಕಾಶವನ್ನು ಪ್ರತಿಯೊಂದು ಮಗುವಿಗೂ ಒದಗಿಸುವುದು ವಿದ್ಯಾಧಿಕಾರಿಗಳಿಗೂ ಪುರಪ್ರಮುಖರಿಗೂ ಸೇರಿದ ಹೊಣೆ. ಕಮ್ಮಾರನ ಮಗನಿಗೆ ಒಂದು ಚೀಟಿಯು ಬಾಗಿಲನ್ನು ತೆರೆಯಿತು. ನಮ್ಮ ಕುಲುಮೆಗಳ ಬಳಿ ಆಡುತ್ತಿರುವ ಮಕ್ಕಳಿಗೆ ಆ ಬಾಗಿಲು ಅದೃಷ್ಟವನ್ನು ಕಾಯದೆ ತೆರೆದಿರಲಿ.