ಪಿಯಾನೊ ಮುಂದಿನ ಹುಡುಗಿಯರು ಮತ್ತು ಚಿತ್ರಕಾರ ರೆನ್ವಾರ್

ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಪಿಯೆರ್ ಒಗುಸ್ತ್ ರೆನ್ವಾರ್ 1841ರ ಫೆಬ್ರವರಿ 25ರಂದು ಲಿಮೋಜ್ ಪಟ್ಟಣದಲ್ಲಿ ಹುಟ್ಟಿದರು. ತಂದೆ ದರ್ಜಿ, ತಾಯಿಯೂ ಹೊಲಿಗೆ ಕೆಲಸ ಮಾಡುತ್ತಿದ್ದರು. ಕುಟುಂಬ ಪ್ಯಾರಿಸ್‌ಗೆ ಬಂದಾಗ ಅವರಿನ್ನೂ ಪುಟ್ಟ ಮಗು.

ಬಾಲಕ ರೆನ್ವಾರ್ ಅವರಿಗೆ ಒಳ್ಳೆಯ ಕಂಠವಿತ್ತು. ಚರ್ಚಿನ ಗಾಯನ ತಂಡದಲ್ಲಿ ಸಂಗೀತಗಾರ ಶಾರ್ಲ್ ಗೂನೊ ಅವರಿಗೆ ಹಾಡು ಕಲಿಸಿದರು. ಆದರೆ ಮನೆಯಲ್ಲಿ ಹಣವಿರಲಿಲ್ಲ. 13ನೇ ವಯಸ್ಸಿನಲ್ಲಿ ಶಾಲೆ, ಸಂಗೀತ ಎರಡನ್ನೂ ಬಿಟ್ಟು, ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುವ ಕೆಲಸಕ್ಕೆ ಸೇರಿದರು.

ಕೆಲವು ವರ್ಷಗಳಲ್ಲಿ ಯಂತ್ರದಿಂದ ಅಚ್ಚು ಹಾಕಿದ ಪಾತ್ರೆಗಳು ಮಾರುಕಟ್ಟೆಗೆ ಬಂದವು. ಅವುಗಳ ಬೆಲೆ ಕಡಿಮೆ. 1858ರಲ್ಲಿ ರೆನ್ವಾರ್ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿತು. ಆಗ ಅವರಿಗೆ 17, ಅಂದರೆ ನಮ್ಮದೇ ವಯಸ್ಸು. ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಯಂತ್ರ ಮತ್ತು ಕೈಕೆಲಸದ ಪೈಪೋಟಿ ಒಂದು ಪಾಠ. ಅವರಿಗೆ ಅದು ಊಟದ ಪ್ರಶ್ನೆಯಾಗಿತ್ತು. ಬೀಸಣಿಗೆ, ಪರದೆಗಳ ಮೇಲೆ ಚಿತ್ರ ಬರೆದು ಸಂಪಾದಿಸಿದರು. 1862ರಲ್ಲಿ ಕಲೆ ಕಲಿಯಲು ಸೇರಿದರು. ಅಲ್ಲಿ ಕ್ಲೋದ್ ಮೊನೆ ಗೆಳೆಯರಾದರು. 1874ರಲ್ಲಿ ಈ ಗೆಳೆಯರ ಗುಂಪು ತನ್ನದೇ ಪ್ರದರ್ಶನ ನಡೆಸಿದಾಗ ಅನೇಕರು ಗೇಲಿ ಮಾಡಿದರು.

1892ರಲ್ಲಿ ಫ್ರೆಂಚ್ ಸರ್ಕಾರ ತನ್ನ ಮ್ಯೂಸಿಯಂಗಾಗಿ ಅವರಿಂದ ಒಂದು ಚಿತ್ರ ಕೇಳಿತು. ರೆನ್ವಾರ್ ಆರಿಸಿಕೊಂಡದ್ದು ಸಂಗೀತದ ವಿಷಯ. ಬಿಳಿ ಉಡುಪಿನ ಹುಡುಗಿ ಒಂದು ಕೈಯಿಂದ ಪಿಯಾನೊ ನುಡಿಸುತ್ತಾ, ಇನ್ನೊಂದು ಕೈಯಿಂದ ಸ್ವರದ ಪುಸ್ತಕ ಹಿಡಿದಿದ್ದಾಳೆ. ಪಕ್ಕದಲ್ಲಿ ಗುಲಾಬಿ ಉಡುಪಿನ ಹುಡುಗಿ ಬಾಗಿ ಅದನ್ನೇ ಓದುತ್ತಿದ್ದಾಳೆ. ತೃಪ್ತಿಯಾಗದೆ ಅವರು ಈ ದೃಶ್ಯವನ್ನು ಮತ್ತೆ ಮತ್ತೆ ಬರೆದರು. ಸರ್ಕಾರ 4,000 ಫ್ರಾಂಕ್ ಕೊಟ್ಟು ಒಂದನ್ನು ಕೊಂಡಿತು. ಅದು ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಹಣವಿಲ್ಲದೆ ಸಂಗೀತ ಬಿಟ್ಟ ಹುಡುಗನಿಗೆ 51ನೇ ವಯಸ್ಸಿನಲ್ಲಿ ದೇಶದ ಗೌರವ ತಂದದ್ದು ಸಂಗೀತ ಕಲಿಯುವ ಹುಡುಗಿಯರ ಚಿತ್ರ.

ಆ ದಶಕದಲ್ಲೇ ಸಂಧಿವಾತ ಶುರುವಾಯಿತು. ಬರಬರುತ್ತಾ ಬೆರಳುಗಳು ಮಡಚಿಕೊಂಡವು, ನಡೆಯಲೂ ಆಗಲಿಲ್ಲ. ಅಂಗೈ ಚರ್ಮ ಗಾಯವಾಗದಂತೆ ಬಟ್ಟೆ ಸುತ್ತಿಸಿಕೊಂಡು, ಬೇರೆಯವರು ಕೈಗೆ ಇಟ್ಟ ಬ್ರಷ್ ಹಿಡಿದು, ಗಾಲಿಕುರ್ಚಿಯಲ್ಲಿ ಕುಳಿತು ಚಿತ್ರ ಬರೆದರು. 1919ರ ಡಿಸೆಂಬರ್ 3ರಂದು ತೀರಿಕೊಂಡರು.

ಬಡತನ ಅವರ ಶಾಲೆಯನ್ನು, ಯಂತ್ರ ಕೆಲಸವನ್ನು, ಕಾಯಿಲೆ ಬೆರಳುಗಳ ಬಲವನ್ನು ಕಿತ್ತುಕೊಂಡಿತು. ಕಲಿತ ವಿದ್ಯೆಯನ್ನು ಮಾತ್ರ ಯಾವುದೂ ಕಿತ್ತುಕೊಳ್ಳಲಿಲ್ಲ. ಪರೀಕ್ಷೆಯ ಅಂಕಗಳ ಚಿಂತೆಯಲ್ಲಿರುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.